ಹೆಬ್ಬೆರಳು ನೋಡಿ ಕೈ ಎತ್ತಿದವರು

ಕೊಲ್ಹಾಪುರ, ಹಾಸ್ಟೆಲ್

ಕೇಳಿಸದಿದ್ದರೂ ಹ್ಞೂಂ ಹ್ಞೂಂ ಎನ್ನುವ ನನ್ನ ಅಪ್ಪನಿಗೆ,

ಫೋನ್ ಮಾಡಿದರೆ "ರೇಂಜ್ ಇಲ್ಲ ನೋಡವಾ" ಎಂದು ಅವ್ವನ ಕೈಗೆ ಕೊಡುತ್ತೀ. ಎದುರಿಗೆ ನಿಂತು ಬೈದರೆ ಮುಖ ಆ ಕಡೆ ತಿರುಗಿಸುತ್ತೀ. ನನ್ನ ತುಟಿ ಕಾಣದಿದ್ದರೆ ನಿನ್ನ ಪಾಲಿಗೆ ಜಗಳ ಮುಗಿದಂತೆ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ಪೂರ್ತಿ ಓದು. ಕನ್ನಡ ಅಕ್ಷರ ಕಲಿಸಿದವನು ನೀನೇ, ತಪ್ಪಿದ್ದರೆ ಅದೂ ನಿನ್ನದೇ.

ಕಳೆದ ತಿಂಗಳು ನಾವು ಮೂವರು ಇಚಲಕರಂಜಿಗೆ, ನಿಮ್ಮ ವಿದ್ಯುತ್ ಮಗ್ಗದ ಶೆಡ್ಡಿಗೆ ಬಂದದ್ದು ಕಾಲೇಜಿನ ಹೊಸ ಪದ್ಧತಿಯಿಂದ. ಬೇರೆ ಬೇರೆ ವಿಷಯ ಓದುವವರು ಒಟ್ಟಾಗಿ, ಪುಸ್ತಕ ಮುಚ್ಚಿಟ್ಟು, ಜನರ ನಡುವೆ ಹೋಗಿ ಏನಾದರೂ ಕಲಿತು ಬರಬೇಕು. ಪ್ರಣಾಲಿ ಭೌತಶಾಸ್ತ್ರದವಳು, ಸೌರಭ ಮನಃಶಾಸ್ತ್ರದವನು, ನಾನು ಅರ್ಥಶಾಸ್ತ್ರ. ಮಗ್ಗದ ಸದ್ದು ದುಡಿಯುವವರ ಕಿವಿಗೆ ಏನು ಮಾಡುತ್ತದೆ ಎಂದು ನೋಡೋಣ ಅಂದವಳು ನಾನೇ. ಮನೆಯಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಂಡ ಅನುಭವ ಇತ್ತಲ್ಲ! ಪ್ರಣಾಲಿಯ ಸೋದರಮಾವ ಗಡಹಿಂಗ್ಲಜದಲ್ಲಿ ಕಿವಿ ಡಾಕ್ಟರು. ತಪಾಸಣೆಯ ಯಂತ್ರ ಅವರೇ ಕೊಟ್ಟರು, ಬಳಸುವುದನ್ನೂ ಕಲಿಸಿದರು. ಕಿವಿ ಮಂದವಾದವರನ್ನು ಕಳಿಸಿ, ಪುಕ್ಕಟೆ ನೋಡುತ್ತೇನೆ ಎಂದೂ ಮಾತು ಕೊಟ್ಟರು.

ಮಗ್ಗಕ್ಕೆ ರಜೆಯಿದ್ದ ದಿನ ನಿಮ್ಮ ಹದಿನೆಂಟು ಜನರನ್ನೂ ಒಬ್ಬೊಬ್ಬರಾಗಿ ಕೂರಿಸಿದೆವು. ಪ್ರಣಾಲಿ ಯಂತ್ರದ ಗುಂಡಿ ಒತ್ತುತ್ತಾಳೆ, ಹೆಡ್‌ಫೋನಿನಲ್ಲಿ ಸದ್ದು ಕೇಳಿದರೆ ಕೈ ಎತ್ತಬೇಕು, ಅಷ್ಟೇ. ಕೊನೆಗೆ ನೋಡಿದರೆ ಹದಿನೆಂಟೂ ಜನರ ಕಿವಿ ಹಸುಗೂಸಿನ ಕಿವಿಯಷ್ಟು ಚುರುಕು! ಎಲ್ಲರಿಗಿಂತ ಚುರುಕು ನೀನು, ಬಾಗಿಲು ಬಡಿದರೂ ಗೊತ್ತಾಗದ ನೀನು. ಯಂತ್ರವೇ ಕೆಟ್ಟಿರಬೇಕು ಅಂದುಕೊಂಡೆ. ಡಾಕ್ಟರು ನೋಡಿ, ಯಂತ್ರ ಸರಿಯಾಗಿದೆ ಎಂದರು. ನಿಮ್ಮ ಮಾಲೀಕರು ತಾತ್ಯಾಸಾಹೇಬರಂತೂ ವರದಿಯ ಒಂದು ಪ್ರತಿ ಬೇಕು, ಚೌಕಟ್ಟು ಹಾಕಿಸಿ ಶೆಡ್ಡಿನಲ್ಲಿ ತೂಗುಹಾಕುತ್ತೇನೆ ಎಂದರು. ನನಗೆ ಮೈಯೆಲ್ಲ ಉರಿಯಿತು.

ಕಡೆಗೆ ಸೌರಭ ಫೋನಿನಲ್ಲಿ ತೆಗೆದಿದ್ದ ವಿಡಿಯೊ ನೋಡಿದೆ. ಶುರುವಿನಲ್ಲಿ ಪ್ರಣಾಲಿ ಗುಂಡಿ ಒತ್ತಿ ತೋರಿಸುತ್ತಿದ್ದಾಗಲೇ ನೀನು ಯಮನಪ್ಪ ಕಾಕಾನ ಕಡೆ ತಿರುಗಿ ದನಿಯಿಲ್ಲದೆ ತುಟಿ ಆಡಿಸುತ್ತಿದ್ದೀ. ಮಗ್ಗದ ಗದ್ದಲದಲ್ಲಿ ನೀವು ದಿನವೂ ಮಾತಾಡುವುದೇ ಹಾಗೆ. ಸೌರಭನಿಗೆ, ಪ್ರಣಾಲಿಗೆ ಅದು ಬರೀ ಬಾಯಿ ಅಲುಗಿದಂತೆ ಕಂಡಿತು. ನನಗೆ? ಎಂಟನೇ ವರ್ಷದಿಂದ ಶೆಡ್ಡಿಗೆ ನಿನ್ನ ಬುತ್ತಿ ತಂದು, ಆ ತುಟಿಮಾತು ಕಲಿತವಳು ನಾನು. ಒಂದಕ್ಷರವೂ ತಪ್ಪಲಿಲ್ಲ.

"ಯಮನಪ್ಪಾ, ಕಿವಿ ಬಿಡು, ಆ ಹುಡುಗೀ ಹೆಬ್ಬಟ್ಟ ನೋಡು. ಗುಂಡಿ ಒತ್ತಿದ ಕೂಡ್ಲೆ ಕೈ ಎತ್ತು. ನಮ್ಮ ಸೋನಲಂದು ಪರೀಕ್ಷಾ ಐತಿ. ನಾವು ಫೇಲಾದ್ರ ಅಕೀನೂ ಫೇಲಾಗ್ತಾಳ. ಎಲ್ಲಾರಿಗೂ ಹೇಳು."

ಅಪ್ಪ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟೆಯಲ್ಲ! ಮೊದಲು ತಲೆ ಚಚ್ಚಿಕೊಂಡೆ. ಆಮೇಲೆ ಅತ್ತುಬಿಟ್ಟೆ. ಹದಿನೆಂಟು ಗಂಡಸರು, ರಜೆಯ ದಿನ ಬಿಟ್ಟು ಬಂದು, ಬೇರೆಯವರ ಮಗಳು ಪಾಸಾಗಲಿ ಎಂದು ಕಣ್ಣು ಮಿಟುಕಿಸದೆ ಒಂದು ಹೆಬ್ಬೆರಳು ನೋಡುತ್ತಾ ಕೂತಿದ್ದಿರಿ. ಇಷ್ಟು ಪ್ರೀತಿಗೆ ಹೇಗೆ ಬೈಯುವುದು? ಆದರೂ ಸಿಟ್ಟು ಮತ್ತೆ ಬಂತು, ಇನ್ನೂ ಇಳಿದಿಲ್ಲ. ನಮ್ಮದೂ ತಪ್ಪಿದೆ. ಗುಂಡಿ ಒತ್ತುವವರು ಹಿಂದೆ ಕೂರಬೇಕೆಂದು ಡಾಕ್ಟರು ಹೇಳಿದ್ದರು. ಹಿರಿಯರ ಬೆನ್ನಿಗೆ ಕೂರುವುದು ಸರಿಯಲ್ಲವೆಂದು ಪ್ರಣಾಲಿ ಎದುರಿಗೇ ಕೂತಳು. ಮರ್ಯಾದೆ ಮಾಡಿ ಕೆಟ್ಟೆವು.

ಕಾಲೇಜಿನ ಮೇಡಮ್ಮಿಗೆ ನಿಜ ಹೇಳಿ ವರದಿ ವಾಪಸು ತೆಗೆದುಕೊಂಡಿದ್ದೇವೆ. ತಿಂಗಳೊಳಗೆ ಮತ್ತೆ ಮಾಡದಿದ್ದರೆ ಮೂವರಿಗೂ ಅಂಕ ಇಲ್ಲ. ಅಂಕ ಹೋದರೆ ಹೋಗಲಿ. ಹೋದ ವಾರ ಟೆಂಪೊದ ಹಾರ್ನ್ ಕೇಳದೆ ಯಮನಪ್ಪ ಕಾಕಾ ಸೈಕಲ್ ಸಮೇತ ಗಟಾರಕ್ಕೆ ಬಿದ್ದರಂತೆ, ಅವ್ವ ಹೇಳಿದಳು. ನೀನೂ ಪಾಳಿ ಮುಗಿಸಿ ಅದೇ ರಸ್ತೆಯಲ್ಲಿ ಬರುತ್ತೀ. ನನಗೆ ಹೆದರಿಕೆಯಾಗುತ್ತದೆ ಅಪ್ಪ, ಬಹಳ ಹೆದರಿಕೆಯಾಗುತ್ತದೆ. ಮಾಲೀಕರಿಗೆ ತಿಳಿದರೆ ಕೆಲಸ ಹೋದೀತು ಎಂಬ ಚಿಂತೆ ಬೇಡ. ವರದಿಯಲ್ಲಿ ಯಾರ ಹೆಸರೂ ಇರುವುದಿಲ್ಲ.

ಮುಂದಿನ ರಜೆಗೆ ಮತ್ತೆ ಬರುತ್ತೇವೆ. ಎಲ್ಲರಿಗೂ ನಿಜ ವಿಷಯ ನೀನೇ ತಿಳಿಸು, ಕೆಡಿಸಿದವನು ನೀನೇ ತಾನೆ. ಗುಂಡಿ ಈ ಸಲ ನಾನು ಒತ್ತುತ್ತೇನೆ, ನಿನ್ನ ಬೆನ್ನ ಹಿಂದೆ ಕೂತು. ಕೇಳಿದರೆ ಕೈ ಎತ್ತು. ಕೇಳದಿದ್ದರೆ ಎತ್ತಬೇಡ, ನಾಚಿಕೊಳ್ಳಲೂಬೇಡ. ಎಷ್ಟು ಹೊತ್ತು ನಿನ್ನ ಕೈ ಮೇಲೇಳದಿದ್ದರೂ ನಾನು ಹಿಂದೆಯೇ ಇರುತ್ತೇನೆ.

ಅವ್ವನಿಗೂ ಯಮನಪ್ಪ ಕಾಕಾನಿಗೂ ನನ್ನ ನಮಸ್ಕಾರ ಹೇಳು. ನಿನ್ನ ಕಾಲಿಗೆ ಆ ದಿನವೇ ಬೀಳುತ್ತೇನೆ, ತಪಾಸಣೆ ಮುಗಿದ ಮೇಲೆ. ಅಲ್ಲಿಯವರೆಗೆ ಸೈಕಲ್ ನಿಧಾನ ಹೊಡಿ, ದೇವರು ನಿನ್ನನ್ನು ಕಾಯಲಿ.

ಸಿಟ್ಟಿನಲ್ಲೂ ನಿನ್ನವಳೇ ಆದ,
ಸೋನಲ