ಚಾವಡಿಯಲ್ಲಿ ನಾನು ಹೇಳಿದ ಎಂಟು ಸಾವಿರ

ಜಿಲ್ಲೆಯ ಕಾಲೇಜು ಮಕ್ಕಳಿಗೆ ವಿದ್ಯಾರ್ಥಿವೇತನ ಮಂಜೂರು ಮಾಡುವ, ಅದಕ್ಕಿಂತ ಹೆಚ್ಚಾಗಿ ನಾಮಂಜೂರು ಮಾಡುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಸಾವಿತ್ರಿಯ ಅರ್ಜಿಯನ್ನು ತಾವು ತಿರಸ್ಕರಿಸಿದ್ದೀರಿ. ಆಕೆಯ ತಂದೆಯ ವಾರ್ಷಿಕ ಉತ್ಪನ್ನ ಎಂಟು ಸಾವಿರ ರೂಪಾಯಿ, ತಮ್ಮ ಮಿತಿ ಎರಡು ಸಾವಿರದ ನಾಲ್ಕುನೂರು, ಇದು ತಾವು ಕೊಟ್ಟ ಕಾರಣ. ಆ ತಂದೆ ನಾನೇ. ಆ ಎಂಟು ಸಾವಿರ ಶುದ್ಧ ಸುಳ್ಳು. ಅದನ್ನು ಹೇಳಿದವನೂ ನಾನೇ. ಅರ್ಜಿಯ ಕೊನೆಯಲ್ಲಿ, ಬಡತನದ ಸುಳ್ಳು ಹೇಳಿದವರ ಮೇಲೆ ಕ್ರಮ ಕೈಗೊಳ್ಳಲಾಗುವುದು ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಶ್ರೀಮಂತಿಕೆಯ ಸುಳ್ಳು ಹೇಳಿದವನನ್ನು ಏನು ಮಾಡಬೇಕೆಂದು ಎಲ್ಲಿಯೂ ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ ಬಿಡಿ, ಆ ಶಿಕ್ಷೆ ನಮ್ಮ ಮನೆಯಲ್ಲಿ ದಿನಾ ನಡೆದಿದೆ.

ನಾನು ಸವದತ್ತಿ ತಾಲೂಕಿನವನು, ಮುರಗೋಡಕ್ಕೆ ಹತ್ತಿರದ ಹಳ್ಳಿ. ಕುಪ್ಪಸದ ಖಣ ಮಾರುವುದು ನನ್ನ ಉದ್ಯೋಗ. ಗಂಟನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬೈಲಹೊಂಗಲ, ನೇಸರಗಿ, ರಾಮದುರ್ಗ ಎಂದು ಸಂತೆಯಿಂದ ಸಂತೆಗೆ ಹೋಗುತ್ತೇನೆ. ನೆಲದ ಮೇಲೆ ಗೋಣಿತಟ್ಟು ಹಾಸಿ, ಬಣ್ಣಬಣ್ಣದ ಖಣ ಹರವಿ, ಬಂದ ಹೆಣ್ಣುಮಕ್ಕಳಿಗೆ 'ಬರ್ರಿ ಯವ್ವಾ, ಕೈಲೆ ಮುಟ್ಟಿ ನೋಡ್ರಿ' ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದೇನೆ. ಆದರೂ ಊರಲ್ಲಿ ನನ್ನನ್ನು ಎಲ್ಲರೂ ಸಾವಕಾರ್ರ ಎಂದೇ ಕರೆಯುತ್ತಾರೆ. ನಮ್ಮ ಅಜ್ಜನಿಗೆ ಹೊಲಮನೆ ಬಹಳ ಇತ್ತು. ಅವೆಲ್ಲ ಪಾಲಾಗಿ ಹಂಚಿಹೋದವು. ಆ ಹೆಸರನ್ನು ಮಾತ್ರ ಯಾರೂ ಪಾಲು ಕೇಳಲಿಲ್ಲ, ಅದು ಇಡಿಯಾಗಿ ನನ್ನ ಪಾಲಿಗೆ ಬಂತು.

ಸಾವಿತ್ರಿ ನನ್ನ ಹಿರಿಯ ಮಗಳು. ಪಿಯುಸಿ ಪರೀಕ್ಷೆಯ ಗಣಿತದಲ್ಲಿ ಕಾಲೇಜಿಗೇ ಮೊದಲು ಬಂದವಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬೈಲಹೊಂಗಲಕ್ಕೆ ಹೋಗಿ ಕಲಿಯುತ್ತಿದ್ದಳು. ಈ ಜೂನಿನಲ್ಲಿ ಬಿಎಸ್ಸಿಗೆ ಹೆಸರು ಹಚ್ಚಿದೆವು. ಫೀ, ಪುಸ್ತಕ, ಬಸ್ಸಿನ ಪಾಸು ಸೇರಿದರೆ ಅದು ನನ್ನ ಕೈಗೆ ಎಟುಕುವ ಮಾತಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನಾನು ಹೇಳಿರಲಿಲ್ಲ, ಆಕೆ ಕೇಳಿರಲೂ ಇಲ್ಲ. ಕಾಲೇಜಿನ ನೋಟಿಸು ನೋಡಿ ತಾನೇ ಹೋಗಿ ತಮ್ಮ ಅರ್ಜಿಯ ಮೂರು ಪ್ರತಿ ತಂದಳು.

ಆ ಅರ್ಜಿಯನ್ನು ತಾವು ಎಂದಾದರೂ ಓದಿದ್ದೀರಾ ಸ್ವಾಮಿ? ಸಹಿ ಮಾಡಿರುತ್ತೀರಿ, ಅದು ಬೇರೆ. ನಾನು ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವನು, ದಿನಪತ್ರಿಕೆ ಓದುವವನು. ಒಂದನೇ ಪುಟಕ್ಕೇ ಬೆವರಿದೆ. 'ಪಾಲಕರ ಸಕಲ ಮೂಲಗಳಿಂದ ಪ್ರಾಪ್ತವಾಗುವ ಸ್ಥಾವರ ಹಾಗೂ ಜಂಗಮ ಉತ್ಪನ್ನದ ನಿವ್ವಳ ವಿವರ' ಎಂದರೆ ಏನು? ಕೇಳಬೇಕಾದದ್ದು 'ವರ್ಷಕ್ಕೆ ನಿಮಗೆ ಎಷ್ಟು ಬರುತ್ತದೆ' ಎಂದಷ್ಟೇ ಅಲ್ಲವೇ? ಸಾವಿತ್ರಿ ಮಾತ್ರ ಅಂಜಲಿಲ್ಲ. ಕಟ್ಟೆಯ ಮೇಲೆ ಕುಳಿತು ಒಂದೊಂದೇ ಕಲಮನ್ನು ಬಿಡಿಸಿ ಬಿಡಿಸಿ ನನಗೆ ಹೇಳಿದಳು. ತನ್ನದು ಮುಗಿಸಿ, ಓಣಿಯ ಇನ್ನಿಬ್ಬರು ಹುಡುಗಿಯರ ಅರ್ಜಿಯನ್ನೂ ತುಂಬಿಕೊಟ್ಟಳು. ಉತ್ಪನ್ನದ ಕಲಮನ್ನು ಮಾತ್ರ ಖಾಲಿ ಬಿಟ್ಟಳು, ಏಕೆಂದರೆ ಅದನ್ನು ಊರಿನ ಲೆಕ್ಕಪತ್ರ ಇಡುವ ತಲಾಠಿಯವರು ವಿಚಾರಣೆ ಮಾಡಿ ದಾಖಲೆ ಕೊಡಬೇಕಿತ್ತು.

"ಅಪ್ಪಾ, ಉಳದದ್ದೆಲ್ಲಾ ನಾ ಮಾಡೇನಿ. ನೀ ಒಂದ ಕೆಲಸ ಮಾಡು. ತಲಾಠಿಯವರು ಕೇಳಿದಾಗ ಇದ್ದದ್ದ ಇದ್ದಂಗ ಹೇಳು," ಎಂದಳು.

"ಅಷ್ಟ ಹೌದಿಲ್ಲೋ, ಬಿಡವಾ," ಎಂದೆ.

ಅಷ್ಟೇ ಕೆಲಸ! ಅದನ್ನೂ ನಾನು ಮಾಡಲಿಲ್ಲ.

ಈಗ ತಮ್ಮ ವಿಚಾರಣೆಯ ಪದ್ಧತಿಯನ್ನು ಕೇಳಿ. ತಮಗೆ ಗೊತ್ತಿರಲಿಕ್ಕಿಲ್ಲ, ಕಾಗದ ಅಲ್ಲಿಗೆ ಬರುವಷ್ಟರಲ್ಲಿ ಅಚ್ಚುಕಟ್ಟಾಗಿರುತ್ತದೆ. ಊರ ಚಾವಡಿಯಲ್ಲಿ ತಲಾಠಿಯವರು ಕೂಡುತ್ತಾರೆ. ಐದು ಜನ ಪಂಚರು ಸುತ್ತ ಕೂಡುತ್ತಾರೆ. ಅರ್ಜಿ ಹಾಕಿದವರ ತಂದೆಯನ್ನು ಹೆಸರು ಹಿಡಿದು ಕರೆದು, ನಿನ್ನ ಗಳಿಕೆ ಎಷ್ಟು ಎಂದು ಎಲ್ಲರೆದುರು ಕೇಳುತ್ತಾರೆ. ಅವನು ಬಾಯಿಬಿಟ್ಟು ಹೇಳಬೇಕು, ಅದನ್ನು ಪಂಚನಾಮೆಯಲ್ಲಿ ಬರೆದು ಗಟ್ಟಿಯಾಗಿ ಓದಿ ಪಂಚರ ಸಹಿ ಹಾಕಿಸಬೇಕು. ಹೊರಗೆ ಬಾಗಿಲಲ್ಲಿ, ಕಟ್ಟೆಯ ಮೇಲೆ, ಕೆಲಸವಿಲ್ಲದ ಹತ್ತಿಪ್ಪತ್ತು ಮಂದಿ ಇದ್ದೇ ಇರುತ್ತಾರೆ. ಬಡವ ಎಂದು ಸರಕಾರ ಒಪ್ಪಬೇಕಾದರೆ ಮೊದಲು ಊರೆಲ್ಲ ಒಪ್ಪಬೇಕಂತೆ. ಇಂಥ ಕಟ್ಟಳೆಯನ್ನು ತಮಗೆ ಹಚ್ಚಿದರೆ ಹೇಗೆ? ತಮ್ಮ ಪಗಾರವನ್ನು ತಮ್ಮ ಬೀಗರ ಮುಂದೆ ನಿಂತು ಕೂಗಿ ಹೇಳುತ್ತೀರಾ?

ಆ ದಿನ ನನಗಿಂತ ಮೊದಲು ಕರೆದದ್ದು ಪರಪ್ಪನನ್ನು. ಅವನು ರಸ್ತೆ ಕೆಲಸಕ್ಕೆ ಹೋಗುವವನು, ಅವನ ಮಗ ಶಟ್ಟೆಪ್ಪ ಸಾವಿತ್ರಿಯ ಕಾಲೇಜಿನಲ್ಲೇ ಕಲಿಯುತ್ತಾನೆ. ಪರಪ್ಪ ಒಳಗೆ ಬರಲಿಲ್ಲ, ಬಾ ಎಂದು ಯಾರೂ ಕರೆಯಲೂ ಇಲ್ಲ. ಮೆಟ್ಟಿಲ ಕೆಳಗೇ ನಿಂತು, "ಕೆಲಸ ಇದ್ರ ಐತ್ರಿ, ಇಲ್ಲಂದ್ರ ಇಲ್ಲರಿ. ಎಲ್ಲಾ ಕೂಡಿ ವರ್ಷಕ್ಕ ಒಂಬೈನೂರ ಬರಕೋರಿ," ಎಂದ.

ಪಂಚರಲ್ಲಿ ಲಗಮಪ್ಪ ಎಂಬವನಿದ್ದಾನೆ, ಹಿಟ್ಟಿನ ಗಿರಣಿಯವನು. ಅವನ ಬಾಯಿಗೆ ಬೀಗವಿಲ್ಲ. "ಏ ಪರಪ್ಪಾ, ಒಂಬೈನೂರದಾಗ ಮಗನ್ನ ಸಾಹೇಬನ್ನ ಮಾಡಾವ ಏನಲೇ? ಮತ್ತ ಬೀಡಿಗೆ ಎಲ್ಲಿಂದ ತರತೀಪಾ?" ಎಂದ. ಚಾವಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಖರೆ ಹೇಳುತ್ತೇನೆ, ಉಳಿದವರಿಗಿಂತ ತುಸು ಜೋರಾಗಿಯೇ ನಕ್ಕೆ. ಪರಪ್ಪ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಹೆಬ್ಬೆಟ್ಟು ಒತ್ತಿ, ಬೆರಳನ್ನು ಗೋಡೆಗೆ ಒರೆಸಿ ಹೋದ.

ಆ ನಗು ನಿಲ್ಲುವ ಮೊದಲೇ ತಲಾಠಿಯವರು ನನ್ನ ಕಡೆ ತಿರುಗಿ, "ಸಾವಕಾರ್ರ, ನಿಮ್ಮದೂ ಒಂದ ಅರ್ಜಿ ಐತಿ," ಎಂದರು.

"ಅಯ್ಯ! ಇವರದೂ ಐತಿ?" ಲಗಮಪ್ಪ ಕಣ್ಣು ದೊಡ್ಡದು ಮಾಡಿದ. "ಸಾವಕಾರ್ರ, ನಿಮಗ್ಯಾಕ ಬೇಕಾಗಿತ್ರಿ ಬಡವರ ರೊಕ್ಕ?"

ಎಲ್ಲರೂ ನನ್ನ ಮುಖ ನೋಡಿದರು. ಆಗ ನನ್ನ ಬಾಯಿಂದ ಬಂದ ಮಾತನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. "ನಾ ಎಲ್ಲಿ ಹಾಕೇನ್ರಿ? ಹುಡುಗಿ ಹಟ ಮಾಡಿ ಹಾಕ್ಯಾಳ. ನಮಗೇನ ಕಡಿಮಿ ಆಗೇತಿ? ಎಂಟ ಸಾವಿರ ಬರಕೋರಿ."

ತಲಾಠಿಯವರು ಪೆನ್ನನ್ನು ಕಾಗದದಿಂದ ಮೇಲೆತ್ತಿದರು. ಅವರು ಸಂಭಾವಿತರು, ಅವರ ಮೇಲೆ ತಾವು ಯಾವ ಕ್ರಮವನ್ನೂ ಕೈಗೊಳ್ಳಬಾರದು. "ವಿಚಾರ ಮಾಡಿ ಹೇಳ್ರಿ ಸಾವಕಾರ್ರ, ಇದು ಸರಕಾರಿ ಕಾಗದ," ಎಂದರು. ಒಂದು ಸಲ ಅಲ್ಲ, ಎರಡು ಸಲ ಹೇಳಿದರು. "ಬರಕೋರಿ ಅಂದ್ನೆಲ್ಲಾ!" ಎಂದು ನಾನೇ ದನಿ ಏರಿಸಿದೆ. ಆಮೇಲೆ ಸೊಟ್ಟಗೆರೆ ಎಳೆದು ದೊಡ್ಡದಾಗಿ ಸಹಿ ಮಾಡಿದೆ. ಲಗಮಪ್ಪ ಎಲೆ ಅಡಿಕೆ ಮುಂದೆ ಮಾಡಿದ, ಹಾಕಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಏನು ಹೇಳಿದೆ ಗೊತ್ತೇ? "ಎಲ್ಲಾ ಬರೋಬರಿ ಆತವಾ," ಎಂದೆ. ಸಾವಿತ್ರಿ ಅದನ್ನು ನಂಬಿದಳು.

ತಮ್ಮ ತಿರಸ್ಕಾರದ ಪತ್ರ ಬಂದದ್ದು ಸಪ್ಟೆಂಬರಿನಲ್ಲಿ. ಕಚೇರಿಯಲ್ಲಿ ಯಾರೋ ಅಂಕಿ ತಪ್ಪಿ ಬರೆದಿದ್ದಾರೆ ಎಂದೇ ಅವಳು ತಿಳಿದಳು. ತಮಗೆ ಎರಡು ಮನವಿ ಬರೆದಳು, ಉತ್ತರವಿಲ್ಲ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಕೊನೆಗೆ ತನ್ನ ಅವ್ವ ಕೆಂಚವ್ವನನ್ನು ಕರೆದುಕೊಂಡು, ನಾನು ಸಂತೆಗೆ ಹೋದ ದಿನ, ಜಿಲ್ಲಾ ಕಚೇರಿಯವರೆಗೆ ಬಸ್ಸಿನಲ್ಲಿ ಹೋಗಿ ತಮ್ಮ ಗುಮಾಸ್ತರೊಡನೆ ವಾದಿಸಿದಳಂತೆ. "ನಮ್ಮಪ್ಪ ಸಂತ್ಯಾಗ ನೆಲದ ಮ್ಯಾಲೆ ಕುಂತು ಖಣ ಮಾರತಾನ್ರಿ. ಎಂಟ ಸಾವಿರ ಎಲ್ಲಿಂದ ಬರತೈತಿ? ತಪ್ಪು ನಿಮ್ಮದ ಐತಿ," ಎಂದಳಂತೆ. ಗುಮಾಸ್ತರು ಕಡತ ಬಿಚ್ಚಿ ಪಂಚನಾಮೆಯನ್ನು ಅವಳ ಮುಂದೆ ಇಟ್ಟರಂತೆ.

ನಾನು ಸಂತೆ ಮುಗಿಸಿ ಬಂದಾಗ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನ ತಾಟಿಗೆ ರೊಟ್ಟಿ ಹಾಕಿ, ಪಲ್ಲೆ ಬಡಿಸಿ ಹೇಳಿದಳು: "ಅಪ್ಪಾ, ಸಹಿ ನಿಂದ ಐತಿ." ನಾನು ರೊಟ್ಟಿ ಮುರಿದೆ. ಇನ್ನೊಂದು ರೊಟ್ಟಿ ಹಾಕುತ್ತ ಅಂದಳು: "ನಾ ಹಟ ಮಾಡಿ ಅರ್ಜಿ ಹಾಕೇನಿ ಅಂತ ಅದರಾಗ ಬರದೈತಿ. ನಾ ಹಟ ಮಾಡಿದ್ನೇನಪ್ಪಾ?"

ಮಾಡಿರಲಿಲ್ಲ. ಆ ಹುಡುಗಿ ಹುಟ್ಟಿದಾಗಿನಿಂದ ಒಂದು ರಿಬ್ಬನ್ನಿಗೂ ಹಟ ಮಾಡಿದವಳಲ್ಲ. ಆದರೆ ಸರಕಾರದ ಕಡತದಲ್ಲಿ, ಐದು ಜನ ಪಂಚರ ಸಹಿಯೊಂದಿಗೆ, ಅವಳು ಹಟಮಾರಿ, ನಾನು ಶ್ರೀಮಂತ. ಎರಡೂ ನಾನು ಬರೆಸಿದ್ದು.

ಕೆಂಚವ್ವ ಆ ದಿನದಿಂದ ನನ್ನೊಡನೆ ಸರಿಯಾಗಿ ಮಾತಾಡಿಲ್ಲ. "ನಿಮ್ಮ ಸಾವಕಾರ್ಕಿ ಕಟಗೊಂಡ ಏನ ಮಾಡೂದೈತ್ರಿ? ಕೂಸು ನಿಮ್ಮ ಮುಂದ ಅಳವಲ್ದು, ಹಿತ್ತಲದಾಗ ಹೋಗಿ ಅಳತೈತಿ," ಎಂದಳು. ಹಿರಿಯ ಮಗಳ ಲಗ್ನ ಮಾಡಬೇಕಲ್ಲ, ಮನೆತನದ ಮರ್ಯಾದೆ ಇರಲಿ ಎಂದು ಹೇಳಿದೆ ಎಂದು ಅವಳಿಗೆ ಸಮಜಾಯಿಸಿ ಕೊಟ್ಟೆ. ಅದೂ ಸುಳ್ಳು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಮಗಳೂ ಇರಲಿಲ್ಲ, ಲಗ್ನವೂ ಇರಲಿಲ್ಲ. ಪರಪ್ಪನಿಗೆ ನಕ್ಕಂತೆ ನನಗೆ ನಗುತ್ತಾರೆ ಎಂಬುದೊಂದೇ ಇತ್ತು.

ಈಗ ಸಾವಿತ್ರಿ ಕಾಲೇಜಿಗೆ ಹೋಗುವುದಿಲ್ಲ. ಖಣಗಳನ್ನು ಮಡಚಿ ಗಂಟು ಕಟ್ಟಿಕೊಡುತ್ತಾಳೆ, ನನಗಿಂತ ಚೊಕ್ಕಟಾಗಿ ಕಟ್ಟುತ್ತಾಳೆ. ಒಂದು ಮುಂಜಾನೆ ಬಸ್‌ಸ್ಟ್ಯಾಂಡಿನಲ್ಲಿ ಪರಪ್ಪ ಸಿಕ್ಕ. ಅವನ ಮಗನ ಅರ್ಜಿ ಮಂಜೂರಾಗಿದೆ. "ಸಾವಕಾರ್ರ, ಅಕ್ಕಾರು ಯಾಕ್ರಿ ಕಾಲೇಜಿಗೆ ಬರವಲ್ರು? ಲೆಕ್ಕ ಹೇಳಿಕೊಡಾವ್ರ ಇಲ್ಲದಂಗ ಆಗೇತಿ ಅಂತ ನಮ್ಮ ಶಟ್ಟೆಪ್ಪ ಪೇಚಾಡಾಕತ್ತಾನ್ರಿ," ಎಂದ. ಚಾವಡಿಯಲ್ಲಿ ಅವನಿಗೆ ನಕ್ಕದ್ದಕ್ಕೆ ಅಲ್ಲೇ ಕೈಮುಗಿಯಬೇಕಿತ್ತು. ಬದಲಿಗೆ, ಅವಳಿಗೆ ಆರಾಮಿಲ್ಲ ಎಂದು ಹೇಳಿ ಬಸ್ಸು ಹತ್ತಿದೆ.

ಸರಿಪಡಿಸುವ ದಾರಿಯಿಲ್ಲವೇ ಎಂದು ತಮ್ಮ ಕಚೇರಿಗೆ ನಾನೂ ಹೋಗಿದ್ದೆ. ಇದೆಯಂತೆ. ಅದೇ ಚಾವಡಿಯಲ್ಲಿ, ಅದೇ ಐದು ಪಂಚರ ಸಮಕ್ಷಮ, ಮೊದಲು ಹೇಳಿದ್ದು ಸುಳ್ಳು ಎಂದು ನಾನೇ ಬಾಯಿಬಿಟ್ಟು ಹೇಳಿ ಹೊಸ ಪಂಚನಾಮೆ ಮಾಡಿಸಬೇಕಂತೆ. ಎಂಥ ಜಾಣರು ತಾವು! ಯಾವ ಜಾಗದಲ್ಲಿ ನಾಲಿಗೆ ಹೊರಳಲಿಲ್ಲವೋ ಅದೇ ಜಾಗಕ್ಕೆ ಮತ್ತೆ ಕಳಿಸುತ್ತೀರಿ. ಎರಡು ಸಲ ಹೋದೆ. ಒಂದು ಸಲ ಮೆಟ್ಟಿಲವರೆಗೆ, ಇನ್ನೊಂದು ಸಲ ಬಾಗಿಲವರೆಗೆ. "ಏನ್ ಬಂದ್ರಿ ಸಾವಕಾರ್ರ?" ಎಂದು ಲಗಮಪ್ಪ ಕೇಳಿದ. "ಸುಣ್ಣ ಐತೇನ ನೋಡಾಕ ಬಂದೆ," ಎಂದೆ. ಸುಣ್ಣ ಕೊಟ್ಟ, ಈಸಿಕೊಂಡು ಬಂದೆ. ಐವತ್ತು ವರ್ಷದ ಗಂಡಸು ನಾನು. ಹೆತ್ತ ಮಗಳ ಸಲುವಾಗಿ ಒಂದು ಅಂಕಿ ಹೇಳಲಾಗದೆ ಬೆರಳ ತುದಿಯಲ್ಲಿ ಸುಣ್ಣ ಹಿಡಿದು ಮನೆಗೆ ಬಂದವನು. ಥೂ ನನ್ನ ಜನ್ಮಕ್ಕೆ.

ತಪ್ಪು ನನ್ನದು, ಅದನ್ನು ತಮ್ಮ ತಲೆಗೆ ಕಟ್ಟಲು ಈ ಪತ್ರ ಬರೆಯುತ್ತಿಲ್ಲ. ಆದರೆ ಒಂದು ಮಾತು ಕೇಳಲೇಬೇಕು. ಈ ಜಿಲ್ಲೆಯಲ್ಲಿ ನನ್ನಂಥ ಹೇಡಿ ತಂದೆ ನಾನೊಬ್ಬನೇ ಏನು? ಚಾವಡಿಯಲ್ಲಿ ಮೀಸೆ ತಿರುವಿ ಮಕ್ಕಳ ವಿದ್ಯೆಗೆ ಕಲ್ಲು ಹಾಕಿದವರು ಎಷ್ಟು ಮಂದಿ ಎಂದು ತಮ್ಮ ತಿರಸ್ಕಾರದ ಕಡತಗಳನ್ನು ಒಮ್ಮೆ ತೆರೆದು ನೋಡಿದ್ದೀರಾ? ಗಳಿಕೆಯ ಮಾತನ್ನು ತಲಾಠಿಯವರು ಒಬ್ಬೊಬ್ಬರನ್ನೇ ಕೂಡಿಸಿಕೊಂಡು ಮೆಲ್ಲಗೆ ಕೇಳಿದರೆ ಸರಕಾರದ ಗಂಟು ಏನು ಹೋಗುತ್ತದೆ? ಮಕ್ಕಳು ಓದಿ ತುಂಬಿದ ಅರ್ಜಿಗೆ ತಂದೆಯ ಜಂಬ ಯಾಕೆ ಅಡ್ಡ ಬರಬೇಕು? ಮುಂದಿನ ವರ್ಷದ ಅರ್ಜಿಗಳು ಬರುವ ಮೊದಲೇ ಈ ಪದ್ಧತಿಯನ್ನು ನಿಲ್ಲಿಸಿ. ಪರಪ್ಪನಂಥವರು ಮೆಟ್ಟಿಲ ಕೆಳಗೆ ನಿಂತು ನಗೆಗೀಡಾಗುವುದು ತಪ್ಪಲಿ.

ಸಾವಿತ್ರಿಯ ಹೆಸರನ್ನು ನವೆಂಬರ್ ಕೊನೆಯವರೆಗೆ ಹಾಜರಿ ಪುಸ್ತಕದಿಂದ ತೆಗೆಯುವುದಿಲ್ಲ ಎಂದು ಪ್ರಾಚಾರ್ಯರು ಹೇಳಿದ್ದಾರೆ. ಇನ್ನು ಹದಿನೆಂಟು ದಿನ ಉಳಿದಿವೆ. ಈ ಪತ್ರವನ್ನು ದಿನಪತ್ರಿಕೆಯಲ್ಲಿ ಅಚ್ಚಾಗಲೆಂದೇ ಕಳಿಸುತ್ತಿದ್ದೇನೆ. ಆ ಪತ್ರಿಕೆಯ ಒಂದು ಪ್ರತಿ ನಮ್ಮ ಊರಿಗೆ ಬರುತ್ತದೆ, ಚಾವಡಿಗೇ ಬರುತ್ತದೆ. ಅದನ್ನು ದಿನಾ ಗಟ್ಟಿಯಾಗಿ ಎಲ್ಲರಿಗೂ ಓದಿ ಹೇಳುವವನು ಲಗಮಪ್ಪ. ಪಂಚರು ಐವರೂ ಅಲ್ಲೇ ಕುಳಿತಿರುತ್ತಾರೆ. ಇಷ್ಟು ಹೊತ್ತಿಗೆ ಅವನ ದನಿ ಸಣ್ಣದಾಗಿರಬೇಕು. ಲಗಮಪ್ಪಾ, ನಿಲ್ಲಸಬ್ಯಾಡೋ, ಮುಂದಿಂದು ಜೋರಾಗಿ ಓದು. ನಾನು, ನಿಜಗುಣಪ್ಪ, ಸಂತೆಯಲ್ಲಿ ಖಣ ಮಾರುವವನು. ಎಲ್ಲ ಸಂತೆ ಕೂಡಿ, ಎಲ್ಲ ಖರ್ಚು ಕಳೆದು, ವರ್ಷಕ್ಕೆ ನನಗೆ ಉಳಿಯುವುದು ಒಂದು ಸಾವಿರದ ಆರುನೂರಾ ಇಪ್ಪತ್ತು ರೂಪಾಯಿ. ನನ್ನ ಮಗಳು ಹಟ ಮಾಡಲಿಲ್ಲ. ನಾನು ಸುಳ್ಳು ಹೇಳಿದೆ.

ಮಾನ್ಯರೇ, ಐದೂ ಜನ ಪಂಚರು ಕೇಳಿಸಿಕೊಂಡರು. ಈಗ ಅವಳ ಅರ್ಜಿಯನ್ನು ಮತ್ತೆ ಕೈಗೆ ತೆಗೆದುಕೊಳ್ಳಿ.

ಇಂತಿ,
ಮಗಳ ಎದುರು ಊಟಕ್ಕೆ ಕೂಡಲು ನಾಚುವ ತಂದೆ,
ನಿಜಗುಣಪ್ಪ, ಖಣದ ವ್ಯಾಪಾರಿ
ಸವದತ್ತಿ ತಾಲೂಕು
೧೨ ನವೆಂಬರ್ ೧೯೭೪