ಬಲಗಡೆಯ ನೀಲಿ

ಬೇ ಸಿಟಿ, ಮಿಷಿಗನ್
೧೬ ಸೆಪ್ಟೆಂಬರ್ ೧೯೯೬, ಸೋಮವಾರ

ಪ್ರೀತಿಯ ತಮ್ಮ ಕಾನ್ರಾಡ್,

ಹೇಗಿದ್ದೀಯ? ಸ್ಪೋಕೇನಿನ ಹವೆ ನಿನ್ನ ಎದೆಗೆ ಒಗ್ಗಿತೆ? ಚಳಿಗಾಲದ ಆ ನಾಯಿಕೆಮ್ಮು ಈಗಲೂ ಬರುತ್ತದೆಯೆ? ಕೇಳುವುದು ನನ್ನ ಅಭ್ಯಾಸ, ಉತ್ತರ ಬರೆಯದಿರುವುದು ನಿನ್ನ ಅಭ್ಯಾಸ. ಹನ್ನೊಂದು ವರ್ಷಗಳಿಂದ ಇಬ್ಬರೂ ನಿಯಮ ತಪ್ಪಿಲ್ಲ. ಹಿಂದಿನ ನಾಲ್ಕು ಪತ್ರಗಳು ವಾಪಸು ಬಂದಿಲ್ಲವಾದ್ದರಿಂದ ತಲುಪಿವೆ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಶಾಲೆ ಶುರುವಾಗಿದೆ. ಈ ವರ್ಷವೂ ಹತ್ತನೇ ತರಗತಿಗೆ ಅಲ್ಪವಿರಾಮ ಕಲಿಸುತ್ತಿದ್ದೇನೆ, ಅವರು ನನಗೆ ಪೂರ್ಣವಿರಾಮ ಹಾಕುವ ಹಂಚಿಕೆಯಲ್ಲಿದ್ದಾರೆ. ಅಪ್ಪನ ವಿಷಯಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲದ್ದರಿಂದಲೇ ಇಷ್ಟು ಸುತ್ತು.

ಅಪ್ಪ ಶೆವೆಲ್ ಕಾರನ್ನು ಮತ್ತೆ ಕೈಗೆತ್ತಿಕೊಂಡಿದ್ದ. ಹೌದು, ಅದೇ ಎಪ್ಪತ್ತನೇ ಇಸವಿಯ ನೀಲಿ ಕಾರು. ನಿನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ ಬಲಗಡೆಯನ್ನೆಲ್ಲ ಸೇತುವೆಯ ಕಂಬಕ್ಕೆ ಒರೆಸಿ ತಂದೆಯಲ್ಲ, ಅದೇ. ಅವತ್ತು ಅವನು ಅಂಗಳದಲ್ಲಿ ನಿಂತು "ಒಂದು ಬೋಲ್ಟ್ ಬಿಗಿಯೋಕೆ ಬರದವನು ಸ್ಟೀರಿಂಗ್ ಹಿಡಿಯೋಕೆ ಬಂದ" ಎಂದದ್ದು, ನೀನು ಒಂದು ಚೀಲ ಹೆಗಲಿಗೆ ಹಾಕಿ ಬಸ್ ಹತ್ತಿದ್ದು, ಅಮ್ಮ ಒಲೆಯ ಮೇಲಿನ ಪಿಯೆರೋಗಿ ಕಡುಬು ಕರಕಲಾಗುವವರೆಗೂ ಕಿಟಕಿಯಲ್ಲೇ ನಿಂತದ್ದು, ಮೂರೂ ನನಗೆ ನೆನಪಿವೆ. ಅಮ್ಮ ಹೋದ ಮರುವಾರವೇ ಅವನು ಗರಾಜಿನ ಮೂಲೆಯಿಂದ ಆ ಗಾಡಿಯನ್ನು ಹೊರಗೆಳೆದ. ಯಾಕೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಆದರೆ ಸೀಟುಗಳನ್ನು ಮತ್ತೆ ಕೂರಿಸುವಾಗ ಚಾಲಕನ ಸೀಟನ್ನು ಕೊನೆಯ ಹಲ್ಲಿನವರೆಗೂ ಹಿಂದಕ್ಕೆ ತಳ್ಳಿ ಬಿಗಿದ. ಅವನು ಐದೂವರೆ ಅಡಿಯ ಆಸಾಮಿ, ಅಲ್ಲಿ ಕೂತರೆ ಕಾಲು ಬ್ರೇಕಿಗೆ ಎಟುಕುವುದಿಲ್ಲ. ನಮ್ಮ ವಂಶದಲ್ಲಿ ಅಷ್ಟು ಉದ್ದ ಕಾಲಿನವನು ನೀನೊಬ್ಬನೇ ಕಣೋ.

ಎರಡು ವರ್ಷ ಹಿಡಿಯಿತು. ಬಲಗಡೆಯ ಬಾಗಿಲನ್ನು ಆರಿಜೋನಾದ ಗುಜರಿಯೊಂದರಿಂದ ತರಿಸಿದ. ನಮ್ಮ ರಸ್ತೆಗಳ ಉಪ್ಪಿನ ಮುಖ ಕಾಣದ, ತುಕ್ಕಿಲ್ಲದ ಬಾಗಿಲು. ಬಿಚ್ಚಿದರೆ ಒಳಗಿನಿಂದ ಒಂದು ಬೊಗಸೆ ಮರಳೂ ಒಂದು ಒಣ ಕಣಜದ ಗೂಡೂ ಉದುರಿದವು. "ಬಾಡಿಗೆದಾರರು ಖಾಲಿ ಮಾಡಿದಾರೆ, ಪರವಾಗಿಲ್ಲ" ಎಂದ ಅಪ್ಪ. ಮುಂದಿನ ಚಕ್ರದ ಮೇಲಿನ ತಗಡು ಟೆಕ್ಸಾಸಿನಿಂದ ಬಂತು. ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿ, ಬಣ್ಣ ಕಲಕುವ ಕಡ್ಡಿಯನ್ನು ಎರಡರ ನಡುವಿನ ಸಂದಿಯಲ್ಲಿ ಮೇಲಿನಿಂದ ಕೆಳಗೆ ಎಳೆಯುತ್ತಿದ್ದ. ಎಲ್ಲಿಯೂ ಸಿಕ್ಕಬಾರದು, ಎಲ್ಲಿಯೂ ಅಲ್ಲಾಡಬಾರದು. ಕಣ್ಣು ಮುಚ್ಚಿ ಎಳೆಯುತ್ತಿದ್ದ. ಅದು ಕಸುಬುದಾರನ ಗತ್ತು ಎಂದುಕೊಂಡಿದ್ದೆ. ಕಣ್ಣು ತೆರೆದರೂ ಅಷ್ಟೇ ಕಾಣುತ್ತಿತ್ತು ಎಂದು ತಿಳಿದದ್ದು ಮೇ ತಿಂಗಳಲ್ಲಿ, ಡಾಕ್ಟರ ಕೋಣೆಯಲ್ಲಿ. ಎರಡೂ ಕಣ್ಣಿನ ನಡುಭಾಗ ಸವೆಯುತ್ತಿದೆಯಂತೆ. ಎದುರಿಗಿರುವುದರ ಮೇಲೆ ಒಂದು ಬೂದು ಬೊಟ್ಟು. ಕನ್ನಡಕದಿಂದ ಆಗುವಂಥದ್ದಲ್ಲವಂತೆ.

ಆಗಸ್ಟಿನಲ್ಲಿ ಬಣ್ಣ ಹೊಡೆದ. ನಾನು ಪೇಟೆಯಿಂದ ಬರುವಷ್ಟರಲ್ಲಿ ಬಾಗಿಲೂ ಮುಂದಿನ ತಗಡೂ ಬಡಗಿಯ ಮರದ ಸ್ಟ್ಯಾಂಡುಗಳ ಮೇಲೆ ಅಂಗಾತ ಮಲಗಿದ್ದವು, ಒದ್ದೆ ನೀಲಿಯಲ್ಲಿ ಹೊಳೆಯುತ್ತ. ಪೇಟೆಯ ಚೀಲವನ್ನು ಅಲ್ಲೇ ನೆಲಕ್ಕಿಟ್ಟೆ. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಣ್ಣ ಹೊಡೆದವನು, ಹೊಸಬರಿಗೆಲ್ಲ "ಗಾಡೀಲಿ ನಿಂತಿರೋದನ್ನ ನಿಲ್ಲಿಸೇ ಹೊಡೀರೋ, ಮಲಗಿಸಿದ್ರೆ ನಿಮ್ಮನ್ನೇ ಮಲಗಿಸ್ತೀನಿ" ಎಂದು ಗದರಿದವನು ಇವನು. ಆ ನೀಲಿಯಲ್ಲಿ ಬೆಳ್ಳಿಯಂಥ ಪುಡಿ ಬೆರೆತಿರುತ್ತದೆ. ನಿಂತ ತಗಡಿನ ಮೇಲೆ ಅದು ಒಂದು ರೀತಿ ಕೂರುತ್ತದೆ, ಮಲಗಿದ್ದರ ಮೇಲೆ ಇನ್ನೊಂದು ರೀತಿ. ನೆರಳಿನಲ್ಲಿ ಗೊತ್ತಾಗುವುದಿಲ್ಲ, ಬಿಸಿಲು ಎಲ್ಲವನ್ನೂ ಹೇಳಿಬಿಡುತ್ತದೆ. ಅಪ್ಪ ಮರೆತಿರಲಿಲ್ಲ. ನಿಲ್ಲಿಸಿ ಹೊಡೆದರೆ ಅವನಿಗೆ ಅಂಚು ಕಾಣುತ್ತಿರಲಿಲ್ಲ. ಮಲಗಿಸಿ ಮೂಗು ತಾಗುವಷ್ಟು ಬಗ್ಗಿದರೆ ತುಸು ಕಾಣುತ್ತಿತ್ತು. ಈ ಒಂದು ಸಲ ಒಪ್ಪಿಕೋ ಎಂದು ಬಣ್ಣದ ಹತ್ತಿರ ಬೇಡಿಕೊಂಡಿದ್ದನೋ ಏನೋ. ಜೋಡಿಸಿ ಅಂಗಳಕ್ಕೆ ತಂದಾಗ ಬಲಗಡೆ ಎರಡು ಛಾಯೆ ತೆಳುವಾಗಿತ್ತು, ಬೇರೆ ಯಾರದೋ ಗಾಡಿಯ ಹಾಗೆ. "ಹೇಗಿದೆ ಬರ್ನಿಸ್?" ಎಂದ. ಬಣ್ಣ ಹಚ್ಚುವುದು ಅವನ ಕಸುಬು, ಬಣ್ಣಿಸುವುದು ನನ್ನದು. ಬಣ್ಣಿಸಿದೆ.

ಮೊನ್ನೆ ಶನಿವಾರ ಚರ್ಚಿನ ಮೈದಾನದಲ್ಲಿ ಹಳೇ ಕಾರುಗಳ ಮೇಳ. ಅಲ್ಲಿನ ರಿವಾಜು ನಿನಗೆ ಗೊತ್ತಲ್ಲ: ಬದುಕಿರುವವನ ಗಾಡಿಯನ್ನು ಯಾರೂ ಹೊಗಳುವುದಿಲ್ಲ. ಹೋದ ವರ್ಷ ಬಲಗಡೆಯೆಲ್ಲ ಬರೀ ಮಣ್ಣುಬಣ್ಣದ ಅಸ್ತರಿನಲ್ಲಿದ್ದ ನಮ್ಮ ಗಾಡಿಯನ್ನು ನೋಡಿ ಪಕ್ಕದ ಮನೆಯ ಝಿಗ್ಗಿ ಮಾಮ ಅಪ್ಪನಿಗೆ "ಕ್ಯಾಸ್, ಇದನ್ನ ಹೂಳೋಕೆ ಪಾದ್ರಿ ಬೇಕಾ, ಗುಜರಿಯವನು ಸಾಕಾ?" ಎಂದಿದ್ದ, ಅಪ್ಪ "ಮೊದಲು ನಿನ್ನ ಹೆಂಡತಿ ನಿನಗೆ ಯಾರನ್ನ ಕರೆಸ್ತಾಳೆ ಕೇಳ್ಕೊಂಡು ಬಾ" ಎಂದು ಇಡೀ ವಾರ ಅದೇ ಮಾತಿಗೆ ನಕ್ಕಿದ್ದ. ಈ ಸಲ ಝಿಗ್ಗಿ ಮಾಮ ಗಾಡಿಯನ್ನು ಒಂದು ಸುತ್ತು ಹಾಕಿದ. ಬಲಗಡೆ ಬಂದವನು ನಿಂತ, ನನ್ನ ಮುಖ ನೋಡಿದ, ಟೋಪಿ ತೆಗೆದ. "ತುಂಬಾ ಚೆನ್ನಾಗಿ ಬಂದಿದೆ ಕ್ಯಾಸ್" ಎಂದ. ಅವನ ಹಿಂದೆ ಇನ್ನೂ ಮೂವರು ಅದನ್ನೇ ಹೇಳಿದರು, ಮೆಲ್ಲಗೆ, ಸಾವಿನ ಮನೆಗೆ ಬಂದವರ ಹಾಗೆ. ಅಪ್ಪನ ಕಣ್ಣು ಹೋಗಿರಬಹುದು, ಕಿವಿ ಸರಿಯಾಗಿದೆ. ಅವನ ಮುಖದಲ್ಲಿದ್ದ ನಗು ಇಳಿಯುವುದನ್ನು ಅಲ್ಲೇ ನಿಂತು ನೋಡಿದೆ.

ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು, ಹೋಗುವಾಗಿನ ಹಾಗೆಯೇ, ಗಾಡಿಯನ್ನು ನಾನೇ ಓಡಿಸಿ ತಂದೆ. ಮನೆ ಮುಟ್ಟಿದ ಮೇಲೆ "ಬಲಗಡೆ ಎಷ್ಟು ತೆಳುವಾಗಿದೆ?" ಎಂದ. ಏನೂ ಇಲ್ಲಪ್ಪ ಎಂದೆ. "ಬರ್ನಿಸ್, ನಿಮ್ಮಮ್ಮನೂ ಸುಳ್ಳು ಹೇಳೋಳು, ಆದರೆ ನಿನಗಿಂತ ಚೆನ್ನಾಗಿ" ಎಂದ. ನಿನ್ನೆ ಭಾನುವಾರ ನಾನು ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಉಜ್ಜುಕಾಗದ ಹಿಡಿದು ಬಲಗಡೆಯನ್ನೆಲ್ಲ ಉಜ್ಜಿಬಿಟ್ಟಿದ್ದ. ಅಂಚುಗಳಲ್ಲಿ ಬರಿ ತಗಡು ಕಾಣುವವರೆಗೆ. ಬೆರಳ ತುದಿಗಳೂ ಉಜ್ಜಿಹೋಗಿ ಬಾಗಿಲಿನ ಮೇಲೆ ಕೆಂಪು ಗೆರೆಗಳು. ಝಿಗ್ಗಿ ಮಾಮ ಬೇಲಿ ದಾಟಿ ಬಂದು, ನಾನು ಹೊಡೆದುಕೊಡ್ತೀನಿ ಕ್ಯಾಸ್, ನೀನು ಪಕ್ಕದಲ್ಲಿ ಕೂತು ಬೈತಾ ಇರು ಎಂದ. "ನೀನು ಹೊಡೆದರೆ ಅದು ನಿನ್ನ ಕೆಲಸ. ನಾನು ಅವನಿಗೆ ನಿನ್ನ ಕೆಲಸ ಕೊಡಲಾ?" ಎಂದ ಅಪ್ಪ. 'ಅವನಿಗೆ' ಎಂದ ಕಾನ್ರಾಡ್. ಹನ್ನೊಂದು ವರ್ಷದಲ್ಲಿ ನಿನ್ನ ಹೆಸರಿಗೆ ಅದಕ್ಕಿಂತ ಹತ್ತಿರದ ಮಾತು ಅವನ ಬಾಯಿಂದ ನಾನು ಕೇಳಿಲ್ಲ. ಆಮೇಲೆ ತನ್ನ ಸ್ಪ್ರೇ ಗನ್ನನ್ನು ತೊಳೆದು, ಒರೆಸಿ, ಝಿಗ್ಗಿ ಮಾಮನ ಕೈಗೆ ಕೊಟ್ಟುಬಿಟ್ಟ. ಅವನೂ ಒಂದು ತಮಾಷೆಯಿಲ್ಲದೆ ತೆಗೆದುಕೊಂಡು ಹೋದ.

ಅಪ್ಪ ನಿನ್ನೆಯಿಂದ ಮನೆಯಲ್ಲಿದ್ದಷ್ಟು ಹೊತ್ತೂ ಅಡುಗೆಮನೆಯಲ್ಲೇ ಕೂತಿರುತ್ತಾನೆ, ಗರಾಜಿಗೆ ಬೆನ್ನು ಮಾಡಿ. ಹಾಕಿದ್ದನ್ನು ಅರ್ಧ ತಿನ್ನುತ್ತಾನೆ. ಇದಕ್ಕೆ ಏನಾದರೂ ನಗೆಮಾತು ಬರೆಯೋಣವೆಂದು ಪೆನ್ನು ಹಿಡಿದು ಕಾಲು ಗಂಟೆಯಾಯಿತು. ಸಿಗುತ್ತಿಲ್ಲ.

ಎದೆ ಬೆಚ್ಚಗಿಟ್ಟುಕೊ. ನಿನ್ನ ಜೊತೆ ಯಾರಾದರೂ ಇದ್ದರೆ ಅವರಿಗೆ ನನ್ನ ನೆನಪು ಹೇಳು. ಅಮ್ಮ ಇದ್ದಿದ್ದರೆ ಕಳಿಸುತ್ತಿದ್ದ ಆಶೀರ್ವಾದವನ್ನು ಅವಳ ಪರವಾಗಿ ನಾನೇ ಕಳಿಸುತ್ತಿದ್ದೇನೆ.

ನಿನ್ನ ಅಕ್ಕ,
ಬರ್ನಿಸ್

ಮರೆತಿದ್ದೆ (ಮರೆತಿರಲಿಲ್ಲ): ಇವತ್ತು ಬೆಳಿಗ್ಗೆ ಮತ್ತೆ ಡಾಕ್ಟರ ಹತ್ತಿರ ಹೋಗಿದ್ದೆವು. ಈಸ್ಟರ್ ಹೊತ್ತಿಗೆ ಅವನಿಗೆ ಯಾರ ಮುಖವೂ ಗುರುತು ಸಿಗುವುದಿಲ್ಲವಂತೆ. ಗಾಡಿಯ ಮಾತು ಬಿಡು, ಅದು ಇನ್ನು ಆಗುವುದಿಲ್ಲ. ನೀನು ಬಾ. ಬಂದರೆ ಅವನ ನೇರ ಎದುರಿಗೆ ನಿಲ್ಲಬೇಡ, ಅಲ್ಲಿ ಅವನಿಗೆ ಏನೂ ಕಾಣುವುದಿಲ್ಲ, ಕಾಣುವುದೇನಿದ್ದರೂ ಕಣ್ಣಂಚಿನಲ್ಲಿ. ಮಾರು ದೂರದಲ್ಲಿ, ಬೆಳಕಿಗೆ ಮುಖ ಕೊಟ್ಟು ನಿಲ್ಲು. ಅವನು ಕುತ್ತಿಗೆ ಹೊರಳಿಸಿ ನಿನ್ನ ಭುಜದಾಚೆ ಗೋಡೆಯನ್ನು ನೋಡಲು ಶುರುಮಾಡುತ್ತಾನೆ. ಮುಖ ತಿರುಗಿಸಿದ ಎಂದುಕೊಂಡು ಹೊರಟುಬಿಡಬೇಡ ಕಣೋ. ಅವನು ನಿನ್ನನ್ನು ನೋಡುತ್ತಿರುವುದೇ ಹಾಗೆ.