ಸೈಕಲ್ ದಾರಿಗೆ ನಿಂಬೆಹಣ್ಣಿನ ಕಾವಲು

19-11-2007, ಸೋಮವಾರ

ಇಂದು ಊರಿನ ಆಡಳಿತವನ್ನು ನಾನೂ ಗೆಳೆಯ ಅಸ್ಲಮನೂ ವಹಿಸಿಕೊಂಡೆವು. ಫಲಿತಾಂಶ ಅಷ್ಟಕ್ಕಷ್ಟೇ.

ಹರಪನಹಳ್ಳಿ ರಸ್ತೆಯ ಅಂಚಿಗೆ ಪಂಚಾಯ್ತಿಯವರು ಸೈಕಲ್ ದಾರಿ ಮಾಡಿದ್ದು ಚರಂಡಿ ಕೆಲಸದಲ್ಲಿ ಮಿಕ್ಕ ರೊಕ್ಕದಿಂದ. ಅದು ಒಂದು ಬಿಳಿ ಗೆರೆಗಷ್ಟೇ ಸಾಲಿತು. ಗೆರೆಯೊಳಗೆ ತಳ್ಳುಗಾಡಿಗಳು ಬಂದು ನಿಂತವು. ಅಸ್ಲಮನ ತಂಗಿ ಅಸ್ಫಿಯಾ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಆ ಗಾಡಿಗಳನ್ನು ಸುತ್ತಿಕೊಂಡು ಶಾಲೆಗೆ ಹೋಗುವಾಗ, ಕಳೆದ ವಾರ ಲಾರಿಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು.

"ಇನ್ನೊಮ್ಮೆ ಹಿಂಗಾದ್ರ ಸೈಕಲ್ಲೂ ಬಂದ್, ಸಾಲಿನೂ ಬಂದ್" ಎಂದು ಅವರಮ್ಮ ಶರೀಫಾ ಬೀ ಹೇಳಿಬಿಟ್ಟಿದ್ದಾರೆ.

ಪಂಚಾಯ್ತಿಯವರನ್ನು ಕೇಳಿದರೆ, "ಮುಂದಿನ ಮೀಟಿಂಗಿನಾಗ ನೋಡೂಣು." ಆದ್ದರಿಂದ ನಸುಕಿನಲ್ಲೇ ನಾವು ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ, ದಾರಿಯುದ್ದಕ್ಕೂ ಇಟ್ಟು ಬಂದೆವು.

ಒಂದು ಗಾಡಿಯೂ ಒಳಗೆ ಬರಲಿಲ್ಲ. "ಯಾರೋ ಮಾಟ ಮಾಡ್ಯಾರ, ಆಚಿ ಸರೀರಿ" ಎಂದು ಬಾಳೆಹಣ್ಣಿನ ಉಜ್ಜಿನಪ್ಪ ಮಂದಿಯನ್ನೂ ತಡೆಯುತ್ತಿದ್ದ. ನಾವಿಬ್ಬರೂ ಗಂಭೀರವಾಗಿ ಕೈಕುಲುಕಿದೆವು.

ಅಸ್ಫಿಯಾ ಬಂದಳು. ಹಣ್ಣು ನೋಡಿ ಸೈಕಲ್ ಇಳಿದಳು.

"ನಾ ಒಲ್ಲೆ ಭಾಯ್, ಅಂಜಿಕಿ ಬರ್ತೈತಿ."

"ನಾವ ಇಟ್ಟಿದ್ದವಾ, ಖರೇನ" ಎಂದೆ ನಾನು.

"ನೀವಿಬ್ರೂ ಯಾವಾಗ ಖರೆ ಹೇಳೀರಿ? ನಾಳಿ ನೀನ ಮೊದ್ಲು ಅದರ ಮ್ಯಾಲೆ ಸೈಕಲ್ ಹೊಡಿ. ಹಿಂದ ನಾ ಬರ್ತೀನಿ."

ಸೈಕಲ್ ನೂಕಿಕೊಂಡು ಲಾರಿಗಳ ಬದಿಗೇ ನಡೆದಳು. ನಾನು ಒಪ್ಪಿದ್ದೇನೆ. ಹಣ್ಣು ನಮ್ಮ ಹಿತ್ತಲಿನವು, ಕುಂಕುಮ ಅವ್ವನ ಡಬ್ಬಿಯದು, ಮಂತ್ರ ಅಂತ ನಾನು ಹೇಳಿದ್ದು ಹದಿನೇಳರ ಮಗ್ಗಿ. ಎಲ್ಲಾ ಗೊತ್ತಿದೆ. ಆದರೂ ನಾಳೆ ಅಸ್ಲಮನನ್ನೇ ಮುಂದೆ ಬಿಟ್ಟರೆ ಒಳ್ಳೆಯದೇನೋ ಅನ್ನಿಸುತ್ತಿದೆ.